ಗಾಳಿಯಿಲ್ಲದ ಕಣದಲ್ಲಿ ಜೊಳ್ಳು ತೂರುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಉತ್ತರ ಡಕೋಟ ರಾಜ್ಯದಲ್ಲಿ ನೆಕೋಮ ಅಂತ ಒಂದು ಪುಟ್ಟ ಊರಿದೆ. ಕೆನಡಾ ಗಡಿಗೆ ಹತ್ತಿರ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಹೊಲ. ಆ ಬಯಲಿನ ನಡುವೆ ತುದಿ ಕತ್ತರಿಸಿದ ಕಾಂಕ್ರೀಟ್ ಪಿರಮಿಡ್ ಒಂದು ನಿಂತಿದೆ. ಅದರ ನಾಲ್ಕೂ ಮೈಯಲ್ಲಿ ಕಣ್ಣಿನ ಹಾಗೆ ಒಂದೊಂದು ದೊಡ್ಡ ದುಂಡು ಆಕಾರ. ಅವು ರಾಡಾರಿನ ಮುಖಗಳು.

ಸೋವಿಯತ್ ಒಕ್ಕೂಟದ ಅಣು ಕ್ಷಿಪಣಿಗಳು ಬಂದರೆ ಮೇಲೇ ಹೊಡೆದುಹಾಕಬೇಕು ಎಂದು ಇದನ್ನು ಕಟ್ಟಿದರು. ಹೆಸರು ಸೇಫ್‌ಗಾರ್ಡ್. ಇದು ಕಾಯುತ್ತಿದ್ದದ್ದು ಊರುಗಳನ್ನಲ್ಲ, ಆ ಸೀಮೆಯಲ್ಲಿ ನೆಲದಡಿ ಇಟ್ಟಿದ್ದ ಅಮೆರಿಕದ್ದೇ ಕ್ಷಿಪಣಿಗಳನ್ನು. ಜನ ಇದನ್ನು ಮರೆಯುವುದೇ ಜಾಸ್ತಿ.

1944ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ವಿ-2 ಕ್ಷಿಪಣಿಗಳು ಲಂಡನ್ ಮೇಲೆ ಬೀಳತೊಡಗಿದಾಗ ತಡೆಯುವ ದಾರಿಯೇ ಇರಲಿಲ್ಲ. ಸದ್ದು ಕೇಳುವ ಮೊದಲೇ ಅವು ಬಂದು ಬೀಳುತ್ತಿದ್ದವು. ಆದರೆ 1961ರ ಮಾರ್ಚ್‌ನಲ್ಲಿ ಸೋವಿಯತ್ ವಿಜ್ಞಾನಿಗಳು ಹಾರಿ ಬರುತ್ತಿದ್ದ ಸಿಡಿತಲೆಯೊಂದನ್ನು, ಅಂದರೆ ಕ್ಷಿಪಣಿಯ ಬಾಂಬು ಹೊರುವ ತಲೆಯನ್ನು, ಪರೀಕ್ಷೆಯಲ್ಲಿ ಹೊಡೆದೇಬಿಟ್ಟರು. ಮರುವರ್ಷ ಅಮೆರಿಕದವರೂ ಪೆಸಿಫಿಕ್ ಸಾಗರದ ಕ್ವಾಜಲೀನ್‌ನಲ್ಲಿ ಅಂಥದೇ ಸಾಧನೆ ಮಾಡಿದರು. ಅಂದರೆ ಹೊಡೆಯಬಹುದು. ಯಾವುದನ್ನು ಹೊಡೆಯಬೇಕು ಅನ್ನುವುದೇ ಕಷ್ಟ.

ಕಣದಲ್ಲಿ ರಾಶಿ ತೂರುವುದನ್ನು ನೋಡಿದ್ದೀರಲ್ವಾ? ಗಾಳಿಗೆ ಜೊಳ್ಳು ಹಾರಿ ಹೋಗುತ್ತದೆ, ಕಾಳು ಕೆಳಗೆ ಬೀಳುತ್ತದೆ. ದೂರದ ಕ್ಷಿಪಣಿ ತನ್ನ ದಾರಿಯ ಹೆಚ್ಚು ಭಾಗವನ್ನು ಬಾಹ್ಯಾಕಾಶದಲ್ಲಿ ಕಳೆಯುತ್ತದೆ. ಅಲ್ಲಿ ಗಾಳಿಯೇ ಇಲ್ಲ. ರಾಡಾರಿನ ಕಣ್ಣು ತಪ್ಪಿಸಲೆಂದು ಸಿಡಿತಲೆಯ ಜೊತೆ ಹತ್ತಾರು ಹಗುರ ಬಲೂನು ಬಿಟ್ಟರೆ ಎಲ್ಲವೂ ಒಂದೇ ವೇಗದಲ್ಲಿ, ಸೆಕೆಂಡಿಗೆ ಸುಮಾರು 7 ಕಿಲೋಮೀಟರಿನಂತೆ, ಒಟ್ಟಿಗೇ ಸಾಗುತ್ತವೆ. ಕಾಳು ಯಾವುದು, ಜೊಳ್ಳು ಯಾವುದು? ವಾತಾವರಣಕ್ಕೆ ಇಳಿದ ಮೇಲೆ ಗಾಳಿ ಬಲೂನುಗಳನ್ನು ಹಿಂದಕ್ಕೆ ತಳ್ಳುತ್ತದೆ, ನಿಜ. ಆದರೆ ಆಗ ಉಳಿಯುವುದು ಕೆಲವೇ ಸೆಕೆಂಡು.

ಹಾಗಾಗಿ ನೆಕೋಮದಲ್ಲಿ ಎರಡು ಬಗೆಯ ಕ್ಷಿಪಣಿ ಇಟ್ಟರು. ಬಾಹ್ಯಾಕಾಶಕ್ಕೇ ಹೋಗಿ ಸಿಡಿಯಲು ಸ್ಪಾರ್ಟನ್. ಅದನ್ನು ತಪ್ಪಿಸಿಕೊಂಡು ಬಂದದ್ದನ್ನು ಹೊಡೆಯಲು ಸ್ಪ್ರಿಂಟ್. ಈ ಸ್ಪ್ರಿಂಟ್ 5 ಸೆಕೆಂಡಿನಲ್ಲಿ ಶಬ್ದದ 10 ಪಟ್ಟು ವೇಗಕ್ಕೆ ಏರುತ್ತಿತ್ತು. ಗಾಳಿಯ ಉಜ್ಜಾಟಕ್ಕೆ ಅದರ ಹೊರಮೈ ಕಾದು ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ಮಾಡಿದವರ ಬುದ್ಧಿ, ಶ್ರಮದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಎರಡರ ತಲೆಯಲ್ಲೂ ಇದ್ದದ್ದು ಅಣುಬಾಂಬೇ. ಸ್ಪಾರ್ಟನ್ನಿನದು ಸುಮಾರು 5 ಮೆಗಾಟನ್, ಅಂದರೆ 50 ಲಕ್ಷ ಟನ್ ಸಿಡಿಮದ್ದಿನ ಶಕ್ತಿ. ನಮ್ಮದೇ ಬಾಂಬು ಮೇಲೆ ಸಿಡಿದರೆ ನಮ್ಮದೇ ರಾಡಾರಿಗೆ ಕುರುಡು ಕವಿಯುತ್ತದೆ. 1962ರ ಜುಲೈನಲ್ಲಿ ಪೆಸಿಫಿಕ್ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕ ಒಂದು ಬಾಂಬು ಸಿಡಿಸಿದಾಗ, ಸುಮಾರು 1,400 ಕಿಲೋಮೀಟರ್ ದೂರದ ಹವಾಯಿಯಲ್ಲಿ ಒಂದಷ್ಟು ಬೀದಿದೀಪಗಳೇ ಆರಿದ್ದವು.

ನೋಡುವ ಯಂತ್ರವೂ ಎಡವುತ್ತದೆ. 1960ರ ಅಕ್ಟೋಬರ್ 5ರಂದು ಗ್ರೀನ್‌ಲ್ಯಾಂಡಿನ ಥೂಲೆ ರಾಡಾರ್ ಕ್ಷಿಪಣಿ ದಾಳಿಯ ಸೂಚನೆ ಕೊಟ್ಟಿತು. ಕೊನೆಗೆ ನೋಡಿದರೆ, ಅದಕ್ಕೆ ಕಂಡದ್ದು ಆಗ ತಾನೇ ಮೂಡುತ್ತಿದ್ದ ಚಂದ್ರ! ಅವತ್ತು ಅವಸರಪಡದೆ ಒಂದು ಗಳಿಗೆ ಯೋಚಿಸಿದವರನ್ನು ನಾನು ಆಗಾಗ ನೆನೆಯುತ್ತೇನೆ.

ಇನ್ನೊಂದು ಕಡೆ, ಒಂದೇ ಕ್ಷಿಪಣಿಯಲ್ಲಿ ಹಲವು ಸಿಡಿತಲೆ ಹೊರಿಸುವ ವಿದ್ಯೆ ಬಂತು. ತಡೆಯುವ ಖರ್ಚಿಗಿಂತ ಹೊಡೆಯುವ ಖರ್ಚು ಕಡಿಮೆಯಾಯಿತು. ಈ ಪೈಪೋಟಿಗೆ ಕೊನೆಯಿಲ್ಲ ಅಂತ 1972ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಬ್ರೆಜ್ನೆವ್ ತಡೆ ಕ್ಷಿಪಣಿಗಳಿಗೆ ಮಿತಿ ಹಾಕುವ ಒಪ್ಪಂದಕ್ಕೆ ಸಹಿ ಹಾಕಿದರು. ಎರಡು ವರ್ಷದ ನಂತರ, ಒಂದು ದೇಶಕ್ಕೆ ಒಂದೇ ತಾಣ, 100 ತಡೆ ಕ್ಷಿಪಣಿ ಎಂದು ಮಿತಿಯಾಯಿತು. ನೆಕೋಮದ ಕೇಂದ್ರ 1975ರ ಅಕ್ಟೋಬರ್ 1ಕ್ಕೆ ಪೂರ್ತಿ ಸಜ್ಜಾಯಿತು. ಮರುದಿನವೇ ಅಮೆರಿಕದ ಪ್ರತಿನಿಧಿ ಸಭೆ ಅದನ್ನು ಮುಚ್ಚಲು ಮತ ಹಾಕಿತು. 1976ರ ಫೆಬ್ರವರಿಯಲ್ಲಿ ಕೆಲಸ ನಿಂತೇಹೋಯಿತು.

2002ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಬಂತು. ಈಗ ಅಲಾಸ್ಕ, ಕ್ಯಾಲಿಫೋರ್ನಿಯಗಳಲ್ಲಿ ಇಟ್ಟಿರುವ ತಡೆ ಕ್ಷಿಪಣಿಗಳಲ್ಲಿ ಅಣುಬಾಂಬಿಲ್ಲ, ಢಿಕ್ಕಿ ಹೊಡೆದೇ ಪುಡಿಮಾಡುತ್ತವೆ. ನಮ್ಮ ಡಿಆರ್‌ಡಿಒ ಕೂಡ 2006ರ ನವೆಂಬರ್‌ನಿಂದ ಇಂಥ ಪರೀಕ್ಷೆ ನಡೆಸುತ್ತಾ ಬಂದಿದೆ. ಅದರ ರಾಡಾರ್ ಕೆಲಸದಲ್ಲಿ ಬೆಂಗಳೂರಿನ ಪ್ರಯೋಗಾಲಯದ ಪಾಲಿದೆ. ಎಲ್ಲರ ಮುಂದೆಯೂ ಇರುವುದು ಅದೇ ಜೊಳ್ಳು ಕಾಳಿನ ಪ್ರಶ್ನೆ.

ನೆಕೋಮದ ಪಿರಮಿಡ್ 2012ರಲ್ಲಿ ಹರಾಜಿಗೆ ಬಂತು. ಹಟ್ಟರೈಟ್ ಪಂಗಡದ ಕ್ರೈಸ್ತರು ಕೊಂಡರು. ಅವರು ಒಟ್ಟಾಗಿ ಬೇಸಾಯ ಮಾಡಿ ಬದುಕುವ ಜನ. ಆಯುಧ ಹಿಡಿಯುವುದಿಲ್ಲ.

ನಮಸ್ಕಾರ.