ಐರ್ಲೆಂಡಿನ ಕೈದಿ, ನ್ಯೂಯಾರ್ಕಿನ ಅಟಾರ್ನಿ ಜನರಲ್: ಥಾಮಸ್ ಆಡಿಸ್ ಎಮೆಟ್

ನಮಸ್ಕಾರ. ಎಮೆಟ್ ಎಂದೊಡನೆ ಐರ್ಲೆಂಡಿನವರಿಗೆ ನೆನಪಾಗುವುದು 1803ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆಯೆದ್ದು ಗಲ್ಲಿಗೇರಿದ ತರುಣ ರಾಬರ್ಟ್ ಎಮೆಟ್. ಇಂದಿನ ವಿಡಿಯೋ ಅವರ ಅಣ್ಣ ಥಾಮಸ್ ಆಡಿಸ್ ಎಮೆಟ್ ಅವರನ್ನು ಕುರಿತದ್ದು. ನನ್ನ ಮಟ್ಟಿಗೆ ಅಣ್ಣನ ಬದುಕೇ ಹೆಚ್ಚು ಕುತೂಹಲಕರ.

1764ರಲ್ಲಿ ಕಾರ್ಕ್ ನಗರದಲ್ಲಿ ಹುಟ್ಟಿದ ಥಾಮಸ್, ಎಡಿನ್‌ಬರೊದಲ್ಲಿ ಓದಿ ವೈದ್ಯರಾದರು. ವಕೀಲರಾಗಿದ್ದ ಹಿರಿಯ ಸಹೋದರ 1788ರಲ್ಲಿ ತೀರಿಕೊಂಡ ಮೇಲೆ ವೈದ್ಯವೃತ್ತಿ ಬಿಟ್ಟು ಕಾನೂನಿನತ್ತ ತಿರುಗಿ, 1790ರಲ್ಲಿ ಡಬ್ಲಿನ್ನಿನಲ್ಲಿ ವಕೀಲಿಕೆ ಆರಂಭಿಸಿದರು. ಯುನೈಟೆಡ್ ಐರಿಷ್‌ಮೆನ್ ಎಂಬ ಕ್ರಾಂತಿಕಾರಿ ಸಂಘದ ಪ್ರಮಾಣವಚನಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಆರೋಪಿಯ ಪರ ವಾದಿಸುತ್ತಿದ್ದಾಗ, ಆ ವಚನವನ್ನು ಸಮರ್ಥಿಸುತ್ತ, ನ್ಯಾಯಾಧೀಶರ ಎದುರಿಗೇ ತಾವೂ ಅದನ್ನು ಸ್ವೀಕರಿಸಿಬಿಟ್ಟರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ.

1798ರ ಮಾರ್ಚ್‌ನಲ್ಲಿ ಅವರ ಬಂಧನವಾಯಿತು. ಎರಡು ತಿಂಗಳ ಬಳಿಕ ದಂಗೆ ಭುಗಿಲೆದ್ದಾಗ ಅವರು ಸೆರೆಯಲ್ಲಿದ್ದರು. ಸಹಚರರ ಹೆಸರು ಹೇಳದೆ ಸಂಘದ ಚಟುವಟಿಕೆಯನ್ನಷ್ಟೇ ವಿವರಿಸುವುದು, ಪ್ರತಿಯಾಗಿ ಕೈದಿಗಳು ದೇಶ ಬಿಟ್ಟು ಹೋಗುವುದು ಎಂದು ಸರ್ಕಾರದೊಡನೆ ಒಪ್ಪಂದವಾಯಿತು. ಅವರು ಹೋಗಬಯಸಿದ್ದು ಅಮೆರಿಕಕ್ಕೆ. ಆದರೆ ಲಂಡನ್ನಿನಲ್ಲಿದ್ದ ಅಮೆರಿಕದ ರಾಯಭಾರಿ ರೂಫಸ್ ಕಿಂಗ್ ಇಂಥವರು ತಮ್ಮ ದೇಶಕ್ಕೆ ಬೇಡವೆಂದು ಆಕ್ಷೇಪಿಸಿದ್ದರಿಂದ, ಎಮೆಟ್ 1802ರವರೆಗೆ ಸ್ಕಾಟ್ಲೆಂಡಿನ ಫೋರ್ಟ್ ಜಾರ್ಜ್ ಕೋಟೆಯಲ್ಲಿ ಸೆರೆಯಲ್ಲೇ ಇರಬೇಕಾಯಿತು. ಬಿಡುಗಡೆಯಾದ ಮೇಲೆ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ನೆರವಿಗಾಗಿ ಯತ್ನಿಸಿ, ಅದೂ ಕೈಗೂಡದೆ, ತಮ್ಮನನ್ನು ಕಳೆದುಕೊಂಡ ಮರುವರ್ಷ, 1804ರಲ್ಲಿ, ನ್ಯೂಯಾರ್ಕ್ ಸೇರಿದರು.

ಅಲ್ಲಿ ಅವರಿಗೆ ವಕೀಲಿಕೆಗೆ ವಿಶೇಷ ಅನುಮತಿ ದೊರೆಯಿತು. 1807ರಲ್ಲಿ ಅದೇ ಕಿಂಗ್ ನ್ಯೂಯಾರ್ಕಿನಲ್ಲಿ ಚುನಾವಣೆಗೆ ನಿಂತಾಗ, ಹಳೆಯ ಲೆಕ್ಕವನ್ನು ಮರೆಯದ ಎಮೆಟ್ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ಅವರನ್ನು ತರಾಟೆಗೆ ತೆಗೆದುಕೊಂಡರು. ಐದು ವರ್ಷಗಳಲ್ಲಿ, ಅಂದರೆ 1812ರಲ್ಲಿ, ರಾಜ್ಯದ ಅಟಾರ್ನಿ ಜನರಲ್ ಆದರು.

ಉಗಿಹಡಗಿನ ರಾಬರ್ಟ್ ಫುಲ್ಟನ್, ಎಮೆಟ್ ಅವರ ಕಕ್ಷಿದಾರರೂ ಗೆಳೆಯರೂ ಆಗಿದ್ದರು. 1815ರ ಚಳಿಗಾಲದಲ್ಲಿ ಹಡ್ಸನ್ ನದಿಯ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ಎಮೆಟ್‌ರನ್ನು ಎಳೆದುಕೊಳ್ಳಲು ಹೋಗಿ ತೊಯ್ದ ಫುಲ್ಟನ್, ಆ ಬಳಿಕ ಕಾಯಿಲೆ ಬಿದ್ದು ತೀರಿಕೊಂಡರೆನ್ನುತ್ತಾರೆ. ಫುಲ್ಟನ್ ಮತ್ತು ಅವರ ಪಾಲುದಾರ ಲಿವಿಂಗ್‌ಸ್ಟನ್ ಅವರಿಗೆ ನ್ಯೂಯಾರ್ಕ್ ರಾಜ್ಯ ನೀಡಿದ್ದ ಉಗಿಹಡಗಿನ ಏಕಸ್ವಾಮ್ಯ ಉಳಿಯಬೇಕೆಂದು 1824ರಲ್ಲಿ ಗಿಬ್ಬನ್ಸ್ ಮತ್ತು ಆಗ್ಡನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ವಾದಿಸಿದವರೂ ಎಮೆಟ್ ಅವರೇ. ಎದುರಿಗಿದ್ದವರು ಡೇನಿಯಲ್ ವೆಬ್‌ಸ್ಟರ್. ಅಂತರರಾಜ್ಯ ವ್ಯಾಪಾರದ ನಿಯಂತ್ರಣ ಕಾಂಗ್ರೆಸ್ಸಿಗೆ ಸೇರಿದ್ದೆಂದು ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ತೀರ್ಪಿತ್ತರು, ಎಮೆಟ್ ಸೋತರು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು ಆ ತೀರ್ಪನ್ನೇ.

1827ರ ನವೆಂಬರಿನಲ್ಲಿ, ಮತ್ತೊಂದು ಮೊಕದ್ದಮೆಯ ವಿಚಾರಣೆ ನಡೆಯುತ್ತಿದ್ದಾಗಲೇ ನ್ಯಾಯಾಲಯದಲ್ಲಿ ಅಸ್ವಸ್ಥರಾದ ಅವರು ಚೇತರಿಸಿಕೊಳ್ಳದೆ ನಿಧನರಾದರು.