ಬೆಂಗಳೂರು ಎಫ್‌ಸಿ: ಮಲೆನಾಡಿನವರಿಗೂ ಸೇರಿದ ಕ್ಲಬ್ಬು

[ದೃಶ್ಯ: ಗೋಪಿ ಸರ್ಕಲ್, ನೀಲಿ ಜೆರ್ಸಿ]

ನಮಸ್ಕಾರ. ಶಿವಮೊಗ್ಗದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬಿನ ಈ ಜೆರ್ಸಿ ಹಾಕ್ಕೊಂಡು ಓಡಾಡಿದ್ರೆ ಒಂದು ಪ್ರಶ್ನೆ ಬಂದೇ ಬರುತ್ತೆ: "ಬೆಂಗ್ಳೂರು ಟೀಮಿಗೆ ನೀನ್ಯಾಕೆ ಗಂಟಲು ಹರ್ಕೋತೀಯ ಮಾರಾಯಾ?" ಇವತ್ತು ಅದಕ್ಕೇ ಉತ್ತರ.

[ದೃಶ್ಯ: ಕೋಲ್ಕತ್ತದ ಹಳೇ ಫೋಟೊಗಳು]

ಕೋಲ್ಕತ್ತದ ಹಳೇ ಕ್ಲಬ್ಬುಗಳನ್ನ ನೋಡಿ. ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ, ಈಸ್ಟ್ ಬೆಂಗಾಲ್ 1920ರಲ್ಲಿ. ಅಲ್ಲಿ ನಿಮ್ಮ ಟೀಮ್ ಯಾವುದು ಅಂತ ಅಜ್ಜನ ಕಾಲದಲ್ಲೇ ತೀರ್ಮಾನ ಆಗಿರುತ್ತೆ. ಬೆಂಗಳೂರು ಎಫ್‌ಸಿ ಬಂದಿದ್ದು 2013ರಲ್ಲಿ, ಉಕ್ಕಿನ ಉದ್ಯಮದ ಜೆಎಸ್‌ಡಬ್ಲ್ಯು ಸಮೂಹದ ಒಡೆತನದಲ್ಲಿ. ನಮ್ಮಲ್ಲಿ ಫುಟ್‌ಬಾಲ್ ಅದಕ್ಕಿಂತ ಎಷ್ಟೋ ಹಳೇದು. ಮೈಸೂರು ತಂಡ 1946-47ರಲ್ಲೇ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆದ್ರೆ ಈ ಕ್ಲಬ್ಬು ಯಾರಿಗೂ ಅಜ್ಜನಿಂದ ಬಂದಿಲ್ಲ. ಹಲಸೂರಿನ ಹುಡುಗ, ತೀರ್ಥಹಳ್ಳಿಯ ಹುಡುಗಿ, ಇಬ್ಬರೂ ಮೊದಲ ತಲೆಮಾರಿನ ಅಭಿಮಾನಿಗಳೇ.

ಆಗ ಆ್ಯಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ಕ್ಯಾಪ್ಟನ್. ಮೊದಲ ಸೀಸನ್ನಲ್ಲೇ ಆಗಿನ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಕಪ್ಪು! ಆಮೇಲೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಬಿಟ್ಟು ಕಂಠೀರವಕ್ಕೆ ಬಂದ್ರು.

[ದೃಶ್ಯ: ಕಂಠೀರವ, ಪಶ್ಚಿಮದ ಸ್ಟ್ಯಾಂಡ್]

ಇಲ್ಲಿ ಒಂದು ವಿಷಯ ಗಮನಿಸಿ. ಕಂಠೀರವ ಅಥ್ಲೆಟಿಕ್ಸ್ ಸ್ಟೇಡಿಯಂ. ಸ್ಟ್ಯಾಂಡಿಗೂ ಮೈದಾನಕ್ಕೂ ಮಧ್ಯೆ ಓಟದ ಟ್ರ್ಯಾಕ್ ಇದೆ. ಕೂಗು ಆಟಗಾರರ ಕಿವಿಗೆ ಬೀಳ್ಬೇಕಂದ್ರೆ ಆ ಟ್ರ್ಯಾಕ್ ದಾಟ್ಬೇಕು. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗ ಡ್ರಮ್ ಹಿಡ್ಕೊಂಡು, ಬಾವುಟ ಬೀಸ್ತಾ, ಆಟ ಮುಗಿಯೋವರೆಗೂ ನಿಂತೇ ಹಾಡುತ್ತೆ. ಸ್ಕೋರ್ ಏನೇ ಇರ್ಲಿ, ಹಾಡು ನಿಲ್ಲಲ್ಲ. ನನಗೆ ಈ ಕ್ಲಬ್ಬಿನ ಅತಿ ದೊಡ್ಡ ಆಸ್ತಿ ಅಂದ್ರೆ ಅದೇ.

ಕಪ್ಪುಗಳಿಗಿಂತ ಈ ನಂಟನ್ನ ಗಟ್ಟಿ ಮಾಡಿದ್ದು ಒಂದು ನೋವು ಅಂತ ನನ್ನ ನಂಬಿಕೆ. 2015ರ ಮೇ 31, ಐ-ಲೀಗ್‌ನ ಕೊನೇ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ಗೆದ್ರೆ ಕಪ್ಪು ನಮ್ದು, ಡ್ರಾ ಆದ್ರೆ ಅವರದ್ದು. ಜಾನ್ ಜಾನ್ಸನ್ ಗೋಲ್ ಹೊಡೆದು ಮುನ್ನಡೆ ಕೊಟ್ಟಿದ್ರು. 87ನೇ ನಿಮಿಷ, ಬೆಲ್ಲೊ ರಜಾಕ್ ಹೆಡರ್. 1-1. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಮುಂದಿನ ಸೀಸನ್ನಲ್ಲಿ ಅದೇ ಕಪ್ಪನ್ನ ವಾಪಸ್ ತಂದ್ರು.

2016ರಲ್ಲಿ ಇದೇ ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನ 3-1ರಿಂದ ಸೋಲಿಸಿ ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಆಯ್ತು. ದೋಹಾದ ಫೈನಲ್‌ನಲ್ಲಿ ಇರಾಕಿನ ತಂಡದ ಎದುರು 1-0 ಸೋಲು. 2019ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ಗೋಲ್, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ಪು ನಮ್ದು. 2022ರಲ್ಲಿ ಡ್ಯುರಾಂಡ್ ಕಪ್ಪೂ ಬಂತು.

[ದೃಶ್ಯ: ಶಿವಮೊಗ್ಗ ರೈಲ್ವೆ ಸ್ಟೇಷನ್, ಬೆಳಗಿನ ಹೊತ್ತು]

ಹೋಗೋದು ಹೇಗೆ? ಬೆಳಗಿನ ಜನಶತಾಬ್ದಿ ಹಿಡೀರಿ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದ್ರೆ ಸ್ಟೇಡಿಯಂ ನಡೆಯೋ ದೂರ. ಮ್ಯಾಚ್ ಮುಗಿದ್ಮೇಲೆ ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು. ಟಿಕೆಟ್ ತಗೊಳ್ಳುವಾಗ ವೆಸ್ಟ್ ಬ್ಲಾಕ್ ನೋಡಿ ತಗೊಳ್ಳಿ. ಹಾಡು ಬರದಿದ್ರೂ ಪರವಾಗಿಲ್ಲ, ಪಕ್ಕದಲ್ಲಿ ನಿಂತವರು ಕಲಿಸ್ತಾರೆ.