ವಾರಕ್ಕೊಂದು ಮೆಸೇಜು

ಕೇಳುಗರಿಗೆಲ್ಲ ನಮಸ್ಕಾರ.

ಮೈಸೂರಿನಲ್ಲಿ ಯೋಗ ಕಲಿಸುವವರಿಗೆ ಪ್ರಚಾರವೇನೂ ಹೊಸದಲ್ಲ. 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಶಿಷ್ಯರನ್ನು ಕರೆದುಕೊಂಡು ಬೇರೆ ಬೇರೆ ಊರುಗಳಲ್ಲಿ ಆಸನಗಳ ಪ್ರದರ್ಶನ ಕೊಡುತ್ತಿದ್ದರು. ಅವರ ಬೆನ್ನಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಇದ್ದರು. ಇವತ್ತು ಬಡಾವಣೆಯ ಮನೆಯೊಂದರ ಮಹಡಿಯಲ್ಲಿ ಚಾಪೆ ಹಾಸಿ, ಬೆಳಗಿನ ಐದೂವರೆಗೇ ತರಗತಿ ಶುರು ಮಾಡುವ ಯೋಗ ಟೀಚರ್‌ಗೆ ಯಾವ ಮಹಾರಾಜರೂ ಇಲ್ಲ. ಕೈಯಲ್ಲೊಂದು ಫೋನಿದೆ, ಅಷ್ಟೆ. ಪ್ರಚಾರಕ್ಕೆ ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಧ್ಯಾನ ಹೇಳಿಕೊಡುವವರಿಗೂ ಆಹಾರದ ಬಗ್ಗೆ ಸಲಹೆ ಕೊಡುವವರಿಗೂ ಈ ಮಾತು ಸಲ್ಲುತ್ತದೆ.

ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಯಾರೋ ಹೇಳಿದರು ಅಂತ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಮೂರರಲ್ಲೂ ಖಾತೆ ತೆರೆಯುತ್ತಾರೆ. ಮೊದಲ ವಾರ ದಿನಕ್ಕೆರಡು ರೀಲ್ಸ್. ಅಷ್ಟರಲ್ಲಿ ಮಗನ ಪರೀಕ್ಷೆ ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ, ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಹೊಸಬರು ಹುಡುಕಿಕೊಂಡು ಹೋದರೆ ಕಾಣುವುದು ಹೋದ ವರ್ಷದ ಯುಗಾದಿ ಶುಭಾಶಯ. ಕ್ಲಾಸ್ ನಡೀತಿದೆಯೋ, ಮುಚ್ಚಿ ಹೋಯ್ತೋ ಅಂತ ಅವರಿಗೆ ಅನುಮಾನ. ಮಹಡಿಯಲ್ಲಿ ಹಿಡಿಸುವುದೇ ಇಪ್ಪತ್ತು ಚಾಪೆ. ಲಕ್ಷ ಜನ ನೋಡಿದರೆ ಅವರನ್ನೆಲ್ಲ ಎಲ್ಲಿ ಕೂರಿಸುತ್ತೀರಿ? ನಿಮಗೆ ಬೇಕಾದವರು ಎರಡು ಕಿಲೋಮೀಟರ್ ಒಳಗೇ ಇದ್ದಾರೆ.

ಅವರು ಫೋನಿನಲ್ಲಿ 'ಹತ್ತಿರದ ಯೋಗ ಕ್ಲಾಸ್' ಅಂತ ಹುಡುಕುತ್ತಾರೆ. ಆಗ ಕಾಣಿಸಬೇಕಾದದ್ದು ಗೂಗಲ್ ಮ್ಯಾಪಿನಲ್ಲಿ ನಿಮ್ಮ ಹೆಸರು. ಅಲ್ಲಿ ಬಿಸಿನೆಸ್ ಪ್ರೊಫೈಲ್, ಅಂದರೆ ನಿಮ್ಮ ಕ್ಲಾಸಿನ ವಿವರದ ಪುಟ, ಮಾಡಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ಶೀರ್ಷಾಸನದ ಫೋಟೋ ಆಮೇಲೆ ಹಾಕಿ, ಮೊದಲು ಗೇಟಿನದೊಂದು, ಮೆಟ್ಟಿಲಿನದೊಂದು ಹಾಕಿ. ಮಂಡಿನೋವಿನವರು ಮೊದಲು ಲೆಕ್ಕ ಹಾಕುವುದು ಮೆಟ್ಟಿಲುಗಳನ್ನೇ. ಸಮಯ, ರಜೆ, ಸ್ಕೂಟರ್ ನಿಲ್ಲಿಸಲು ಜಾಗ ಉಂಟೋ ಇಲ್ಲವೋ, ಅದನ್ನೂ ಬರೆಯಿರಿ. ಹಳೆಯ ವಿದ್ಯಾರ್ಥಿಗಳಿಗೆ ರಿವ್ಯೂ ಬರೆಯಲು ಹೇಳಿ, ಆದರೆ ಅದಕ್ಕಾಗಿ ಫೀಸಿನಲ್ಲಿ ರಿಯಾಯಿತಿ ಕೊಡಬೇಡಿ. ಗೂಗಲ್ ಅದನ್ನು ಒಪ್ಪುವುದಿಲ್ಲ.

ಇನ್ನು ವಾಟ್ಸಾಪ್. ಇಲ್ಲಿ ಹೆಚ್ಚಿನವರು ಮಾಡುವುದು ಗ್ರೂಪ್. ಗ್ರೂಪಿನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಸಿಗುತ್ತದೆ, ಎಷ್ಟೋ ಹೆಣ್ಣುಮಕ್ಕಳಿಗೆ ಇದು ಇಷ್ಟವಿಲ್ಲ, ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಗೆ ಗುಡ್ ಮಾರ್ನಿಂಗ್ ಹೂವುಗಳ ಕಾಟ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ನಿಮ್ಮ ಮಾತು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುವುದು. ಹಾಗಾಗಿ ಸೇರಿದ ದಿನವೇ, 'ನನ್ನ ನಂಬರ್ ಸೇವ್ ಮಾಡ್ಕೊಳಿ, ವಾರಕ್ಕೊಂದೇ ಮೆಸೇಜು' ಅಂತ ಹೇಳಿಬಿಡಿ. ಬೇಡ ಅಂದವರನ್ನು ಬಿಟ್ಟುಬಿಡಿ.

ಏನು ಬರೆಯುವುದು? ಸುಭಾಷಿತ ಬೇಡ, ಕ್ಲಾಸಿನಲ್ಲಿ ಆ ವಾರ ಯಾರೋ ಕೇಳಿದ ಪ್ರಶ್ನೆ ಸಾಕು. ಹೀಗೆ: 'ನಮಸ್ಕಾರ. ಊಟವಾದ ಮೇಲೆ ಆಸನ ಮಾಡಬಹುದಾ ಅಂತ ಒಬ್ಬರು ಕೇಳಿದರು. ವಜ್ರಾಸನದಲ್ಲಿ ಸ್ವಲ್ಪ ಹೊತ್ತು ಕೂರಬಹುದು, ಮಂಡಿ ನೋವಿದ್ದರೆ ಅದೂ ಬೇಡ. ಉಳಿದದ್ದಕ್ಕೆ ಹೊಟ್ಟೆ ಹಗುರಾಗಲಿ. ಶನಿವಾರ ಕ್ಲಾಸ್ ಇಲ್ಲ.' ಇಷ್ಟೇ. ಭಾನುವಾರ ಸಂಜೆ ಅಂದುಕೊಂಡರೆ ಪ್ರತಿ ಭಾನುವಾರ ಸಂಜೆ. ಅದನ್ನೇ ಸ್ಟೇಟಸ್‌ಗೂ ಹಾಕಿ, 24 ಗಂಟೆ ಇರುತ್ತದೆ. ಓದಿದವರಲ್ಲೊಬ್ಬರು ಅತ್ತಿಗೆಗೋ ಪಕ್ಕದ ಮನೆಯವರಿಗೋ ಫಾರ್ವರ್ಡ್ ಮಾಡುತ್ತಾರೆ. ಹೊಸಬರು ಬರುವುದು ಬಹುಪಾಲು ಹೀಗೇ.

ಒಂದು ಕಡೆ ಮಾತ್ರ ಕೈ ಬಿಗಿಹಿಡಿಯಬೇಕು. 'ಮೂರೇ ತಿಂಗಳಲ್ಲಿ ಶುಗರ್ ಮಾಯ' ಅಂತ ಬರೆದರೆ ಫೋನ್ ರಿಂಗಾಗುತ್ತದೆ ನಿಜ. ಆದರೆ ಸುಳ್ಳು ಭರವಸೆಯ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೂ ದಂಡ ಹಾಕಲು ಅವಕಾಶವಿದೆ. ಕ್ಲಾಸಿನ ಜೊತೆಗೆ ಚೂರ್ಣವನ್ನೋ ಕಷಾಯವನ್ನೋ ಮಾರುವವರಾದರೆ ಇನ್ನಷ್ಟು ಎಚ್ಚರ ಬೇಕು: ಸಕ್ಕರೆ ಕಾಯಿಲೆ, ಬೊಜ್ಜು, ರಕ್ತದೊತ್ತಡ ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾನೂನೊಂದು ನಿಷೇಧಿಸುತ್ತದೆ. ಕಾನೂನು ಹಾಗಿರಲಿ, ನಿಮ್ಮ ಮೆಸೇಜು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿಬಿಟ್ಟರೆ?

ಇದನ್ನೆಲ್ಲ ಶುರು ಮಾಡಲು ಜೂನ್ 21 ಒಳ್ಳೆಯ ಸಮಯ. 2015ರಿಂದ ಆ ದಿನ ಪಾರ್ಕು, ಮೈದಾನಗಳಲ್ಲೆಲ್ಲ ಯೋಗ ದಿನದ ಜನ. ಮಾರನೇ ದಿನ ಅವರಲ್ಲಿ ಮುಕ್ಕಾಲು ಪಾಲು ಚಾಪೆ ಸುತ್ತಿಡುತ್ತಾರೆ. 21ರಂದೇ ಒಪ್ಪಿಗೆ ಕೇಳಿ ನಂಬರ್ ಬರೆದುಕೊಂಡಿದ್ದರೆ, 22ರ ಸಂಜೆ ಅವರಿಗೆ ಕೇಳಿ: 'ನಿನ್ನೆ ಮಾಡಿದ್ದಕ್ಕೆ ಎಲ್ಲಿ ನೋಯ್ತಿದೆ?' ಖಂಡಿತ ಉತ್ತರ ಬರುತ್ತದೆ.

ನಮಸ್ಕಾರ.